ಬೆಂಚಿನ ತುದಿಯ ಹುಡುಗ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳು ನಮ್ಮ ಕಡೆ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತವೆ. ನೋಡುತ್ತ ಕೂತರೆ ನನ್ನ ಕಣ್ಣು ಮತ್ತೆ ಮತ್ತೆ ಬೆಂಚಿನ ತುದಿಗೇ ಹೋಗುತ್ತದೆ. ಅಲ್ಲೊಬ್ಬ ಇಪ್ಪತ್ತರ ಹುಡುಗ ಇದ್ದೇ ಇರುತ್ತಾನೆ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಅವನ ಹೆಸರು ಕೂಗಿದ ದಿನ ಊರಿಗೆ ಊರೇ ಕುಣಿದಿರುತ್ತದೆ. ಈಗ ಕೋಚ್ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಇಂಥವನನ್ನು ಇಟ್ಟುಕೊಳ್ಳಬೇಕೋ, ಬೇರೆ ತಂಡಕ್ಕೆ ಕೊಟ್ಟುಬಿಡಬೇಕೋ? ಕೊಡುವುದಾದರೆ ಯಾವಾಗ?

ಡೆಟ್ರಾಯಿಟ್ ತಂಡವನ್ನೇ ನೋಡಿ. 2003ರಲ್ಲಿ ಅದು ಎರಡನೇ ಆಯ್ಕೆಯಾಗಿ ಹದಿನೆಂಟರ ಡಾರ್ಕೊ ಮಿಲಿಸಿಚ್‌ನನ್ನು ತಂದಿತು. ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಇನ್ನೂ ಉಳಿದಿದ್ದರು. ಬೈಯುವವರು ಆ ಆಯ್ಕೆಯನ್ನೇ ಬೈಯುತ್ತಾರೆ. ನನ್ನ ಸಿಟ್ಟು ಅದಕ್ಕಲ್ಲ. ಅದೇ ಸೀಸನ್ನಿನಲ್ಲಿ ಚಾಂಪಿಯನ್ ಆದ ತಂಡ ಅದು. ಬೆನ್ ವಾಲೇಸ್, ರಶೀದ್ ವಾಲೇಸ್ ನಿಂತಿದ್ದ ಕಡೆ ಹುಡುಗನಿಗೆ ಜಾಗವೆಲ್ಲಿ? ಜಾಗವಿಲ್ಲವೆಂದು ಗೊತ್ತಿದ್ದೂ 2006ರ ಫೆಬ್ರವರಿವರೆಗೆ ಅವನನ್ನು ಕೂರಿಸಿಯೇ ಇಟ್ಟರಲ್ಲ, ಅದು ತಪ್ಪು.

ಆ 2004ರ ಫೈನಲ್ಸ್‌ನ ಶ್ರೇಷ್ಠ ಆಟಗಾರ ಚಾನ್ಸಿ ಬಿಲಪ್ಸ್. ಅವನೂ ಒಂದು ಕಾಲಕ್ಕೆ ಬೇಡವಾದ ಹುಡುಗನೇ! 1997ರಲ್ಲಿ ಮೂರನೇ ಆಯ್ಕೆಯಾಗಿ ಕರೆತಂದ ಬಾಸ್ಟನ್, 51 ಪಂದ್ಯ ಆಡಿಸಿ ಟೊರಾಂಟೊಗೆ ದಾಟಿಸಿತ್ತು. ಇಡೀ ತಂಡದ ಆಟ ಕಟ್ಟಬೇಕಾದ ಪಾಯಿಂಟ್ ಗಾರ್ಡ್‌ನನ್ನು ಅರ್ಧ ಸೀಸನ್ನಿಗೇ ಅಳೆದುಬಿಡುವುದೆಂದರೇನು? ಅವಸರಕ್ಕೆ ಸಿಕ್ಕವನು, ತಡಕ್ಕೆ ಸಿಕ್ಕವನು, ಇಬ್ಬರೂ ಒಂದೇ ತಂಡದಲ್ಲಿದ್ದರು.

ಮೊದಲ ಸುತ್ತಿನ ಹುಡುಗನ ಒಪ್ಪಂದ ನಾಲ್ಕು ವರ್ಷದ್ದು, ಸಂಬಳ ಮೊದಲೇ ಗೊತ್ತುಮಾಡಿದ್ದು. ಮೂರು, ನಾಲ್ಕನೇ ವರ್ಷಕ್ಕೆ ಮುಂದುವರಿಸುವುದು ತಂಡದ ಇಷ್ಟ. ಕೊಳ್ಳುವ ತಂಡಕ್ಕೆ ಬೇಕಾಗಿರುವುದು ಉಳಿದಿರುವ ಆ ಕಡಿಮೆ ಸಂಬಳದ ವರ್ಷಗಳೇ. ಕೂರಿಸಿಟ್ಟಷ್ಟೂ ಅವು ಕರಗುತ್ತವೆ, ಹುಡುಗನ ಧೈರ್ಯವೂ ಕರಗುತ್ತದೆ.

ಮಾರ್ಕೆಲ್ ಫುಲ್ಟ್ಸ್‌ನ ವಿಷಯದಲ್ಲಿ ಫಿಲಡೆಲ್ಫಿಯಾ ನಡೆದುಕೊಂಡದ್ದು ನನಗೆ ಮೆಚ್ಚುಗೆ. 2017ರ ಮೊದಲ ಆಯ್ಕೆ ಅವನು. ಮೂರನೇ ಸ್ಥಾನದಲ್ಲಿದ್ದ ತಂಡ ಬಾಸ್ಟನ್‌ನೊಂದಿಗೆ ಸರದಿ ಬದಲಿಸಿಕೊಂಡು ಅವನನ್ನು ತಂದಿತ್ತು. ಬಾಸ್ಟನ್‌ಗೆ ಜೇಸನ್ ಟೇಟಮ್ ಸಿಕ್ಕ. ಫುಲ್ಟ್ಸ್‌ಗೋ ಚೆಂಡು ಎಸೆಯುವುದೇ ಮರೆತುಹೋದಂತಾಯಿತು. ಫ್ರೀ ಥ್ರೋ ಗೆರೆಯಲ್ಲಿ ಅವನ ಕೈ ತಡವರಿಸುವುದನ್ನು ನೋಡಿದವರಿಗೆ ಕರುಳು ಚುರುಕ್ಕೆನ್ನಬೇಕು. 2018ರ ಡಿಸೆಂಬರ್‌ನಲ್ಲಿ ಕಾಯಿಲೆ ಗೊತ್ತಾಯಿತು: ಕತ್ತು, ಭುಜಗಳ ನಡುವೆ ನರಗಳು ಒತ್ತಿಕೊಳ್ಳುವ ತೊಂದರೆ. ಹೆಸರಿಲ್ಲದ ಕಾಯಿಲೆಯವನನ್ನು ಯಾರು ತಾನೇ ಕೊಳ್ಳುತ್ತಾರೆ? ಹೆಸರು ಸಿಕ್ಕ ಎರಡೇ ತಿಂಗಳಿಗೆ, 33 ಪಂದ್ಯವಷ್ಟೇ ಆಡಿದ್ದ ಅವನನ್ನು ಒರ್ಲಾಂಡೊಗೆ ಕೊಟ್ಟರು. ಜಿಮ್ಮಿ ಬಟ್ಲರ್‌ನನ್ನು ತಂದು ಕಪ್ಪಿನ ಬೆನ್ನು ಹತ್ತಿದ್ದ ತಂಡಕ್ಕೆ ಹುಡುಗನನ್ನು ಮತ್ತೆ ತಿದ್ದುವ ಪುರುಸೊತ್ತು ಇರಲಿಲ್ಲ. ಒರ್ಲಾಂಡೊಗೆ ಇತ್ತು. ಮುಂದಿನ ಸೀಸನ್ನಿನಲ್ಲಿ ಅವನು ಅಲ್ಲಿ 72 ಪಂದ್ಯ ಆಡಿದ. ಬದಲಿಗೆ ಬಂದ ಸರದಿಯಲ್ಲಿ, 2020ರ 21ನೇ ಆಯ್ಕೆಯಾಗಿ, ಫಿಲಡೆಲ್ಫಿಯಾಕ್ಕೆ ಟೈರೀಸ್ ಮ್ಯಾಕ್ಸಿ ಸಿಕ್ಕ. ಅದೃಷ್ಟ ಹೌದು, ಆದರೆ ಕೊಡಲು ಮನಸ್ಸು ಮಾಡಿದ್ದಕ್ಕೆ ಬಂದ ಅದೃಷ್ಟ.

ಫುಲ್ಟ್ಸ್‌ನಂತೆ ಕಾಯಿಲೆ ಅಡ್ಡ ಬಂದರೆ ಬೇರೆ ಮಾತು, ಇಲ್ಲದಿದ್ದರೆ ಒಂದು ಸೀಸನ್ನಾದರೂ ಪೂರ್ತಿ ಆಡಿಸದೆ ಹುಡುಗನನ್ನು ಬಿಡಬಾರದು. ಮೂರನೇ ಸೀಸನ್ನಿನ ಫೆಬ್ರವರಿಗೂ ಕೊನೆಯ ಕ್ವಾರ್ಟರ್‌ನಲ್ಲಿ ಅವನನ್ನು ಇಳಿಸಲು ಕೋಚ್‌ಗೆ ಧೈರ್ಯ ಬಂದಿಲ್ಲವೆಂದರೆ, ಬಂದ ಬೆಲೆಗೆ, ಆಡಿಸುವ ತಂಡಕ್ಕೆ ಕಳಿಸಿಕೊಡಬೇಕು.