ಒಂದು ಪಾಯಿಂಟ್‌ಗೆ ಎಷ್ಟು?

ಮನೆ ಕಟ್ಟಿಸುವವರ ಬಾಯಲ್ಲಿ ಸಿಮೆಂಟು, ಕಬ್ಬಿಣ, ಎಂ ಸ್ಯಾಂಡ್ ರೇಟು ಸದಾ ಓಡಾಡ್ತಾ ಇರುತ್ತೆ. ಅದೇ ವೈರಿಂಗ್ ಕೂಲಿ ಎಷ್ಟು ಅಂತ ಕೇಳಿ ನೋಡಿ, ಹತ್ತು ಜನ ಹತ್ತು ಲೆಕ್ಕ ಹೇಳ್ತಾರೆ. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರದ್ದಕ್ಕೂ ತಾಳೆಯೇ ಆಗಲ್ಲ. ತುಮಕೂರಿನಲ್ಲಿ ನಾವು 12 ಚದರದ ಮನೆ ಕಟ್ಟಿಸುವಾಗ ನನಗೆ ಎಲ್ಲಕ್ಕಿಂತ ತಲೆ ಕೆಡಿಸಿದ್ದು ಇದೇ. ಸೈಟು, ಅರ್ಧ ದುಡ್ಡು ಅಪ್ಪನದು. ಉಳಿದದ್ದು ನನ್ನ ಹೆಸರಿನ ಹೋಮ್ ಲೋನ್. ಹಾಗಾಗಿ ಶನಿವಾರ ಬಂತೆಂದರೆ ಬೆಂಗಳೂರಿನಿಂದ ಹೋಗಿ ಧೂಳಿನ ನಡುವೆ ನಿಂತು ಲೆಕ್ಕ ಬರೆಯೋದು ನನ್ನ ಕೆಲಸ.

ನಮಗೆ ಬಂದ ಕೊಟೇಶನ್ ಎರಡು, ಎರಡೂ ಬರೀ ಕೂಲಿಗೆ. ಸಾಮಾನು ನಮ್ಮದು. ಮೊದಲನೆಯವರು ಚದರದ ಲೆಕ್ಕದವರು. ‘ಚದರಕ್ಕೆ 4,000 ಕೊಡಿ’ ಅಂದ್ರು. ಅಲ್ಲಿಗೆ 48,000. ಎರಡನೆಯವರು ಪಾಯಿಂಟ್ ಲೆಕ್ಕದವರು. ಲೈಟು, ಫ್ಯಾನು, ಸಾಧಾರಣ ಪ್ಲಗ್ಗಿಗೆ 350, ಪವರ್ ಪಾಯಿಂಟ್‌ಗೆ 600. ಪ್ಲಾನ್ ಹರವಿಕೊಂಡು ಎಣಿಸಿದೆ. 94 ಸಾದಾ ಪಾಯಿಂಟ್, 9 ಪವರ್. ಒಟ್ಟು 38,300. ಸುಮಾರು ಹತ್ತು ಸಾವಿರ ಉಳೀತು ಅಂತ ಅಮ್ಮನಿಗೆ ಖುಷಿಯೋ ಖುಷಿ.

ಈಗ ಈ ‘ಪಾಯಿಂಟ್’ ಅಂದ್ರೆ ಏನು ಅನ್ನೋದಕ್ಕೆ ಬರೋಣ, ಅಸಲಿ ವಿಷಯ ಇರೋದೇ ಅಲ್ಲಿ. ಸ್ವಿಚ್ ಬೋರ್ಡಿನಿಂದ ಒಂದು ಬಲ್ಬಿನ ತನಕ ಪೈಪು ಹಾಕಿ, ವೈರ್ ಎಳೆದು, ಸ್ವಿಚ್ಚು ಕೂರಿಸಿದರೆ ಒಂದು ಪಾಯಿಂಟ್. ಅದೇ ಬೋರ್ಡಿನಲ್ಲೇ ಫೋನ್ ಚಾರ್ಜಿಗೆ ಅಂತ ಪ್ಲಗ್ ಇದ್ದರೆ ಬೇರೆ ಪೈಪು ಬೇಡ, ಅದಕ್ಕೆ ಕೆಲವರು ಅರ್ಧ ಪಾಯಿಂಟ್ ಹಿಡೀತಾರೆ, ಕೆಲವರು ಪೂರ್ತಿ. ಮೆಟ್ಟಿಲ ಲೈಟು ಕೆಳಗೂ ಹಾಕಬೇಕು, ಮೇಲೂ ಆರಿಸಬೇಕು ಅಂದ್ರೆ ಟೂ ವೇ. ಬಲ್ಬು ಒಂದೇ, ಲೆಕ್ಕಕ್ಕೆ ಎರಡು. ಗೀಸರ್, ಎಸಿ ಇವಕ್ಕೆ ಡಿಬಿಯಿಂದ ಸೀದಾ ಬೇರೆ ಲೈನು ಬರಬೇಕು, ವೈರೂ ದಪ್ಪ. ನಮ್ಮಲ್ಲಿ ಲೈಟಿಗೆ 1.5 ಸ್ಕ್ವೇರ್ ಎಂಎಂ, ಪ್ಲಗ್ಗಿಗೆ 2.5, ಎಸಿ ಮತ್ತು ಗೀಸರ್‌ಗೆ 4. ದಪ್ಪ ವೈರನ್ನು ತಿರುವುಗಳಿರೋ ಪೈಪಿನಲ್ಲಿ ಎಳೆಯೋದನ್ನ ಒಮ್ಮೆ ನೋಡಿದರೆ 600 ಯಾಕೆ ಅಂತ ಕೇಳಲ್ಲ.

ಚದರದವರ ಹತ್ತಿರ ವಾಪಸ್ ಹೋಗಿ ‘ಎಷ್ಟು ಪಾಯಿಂಟ್ ಬೇಕಾದರೂ ಹಾಕ್ತೀರಾ?’ ಅಂದೆ. ‘ರೂಮಿಗೆ ಐದು, ಹಾಲ್‌ಗೆ ಎಂಟು, ಮಿಕ್ಕಿದ್ದು ಎಕ್ಸ್‌ಟ್ರಾ’ ಅಂದ್ರು. ಡಿಬಿ, ಅರ್ಥಿಂಗ್? ‘ಅದೆಲ್ಲ ಆಮೇಲೆ ನೋಡೋಣ ಬಿಡಿ.’ ನನಗೆ ಈ ‘ಆಮೇಲೆ ನೋಡೋಣ’ ಚೆನ್ನಾಗಿ ಗೊತ್ತು, ನಮ್ಮ ಆಫೀಸಿನಲ್ಲೂ ಪ್ರಾಜೆಕ್ಟುಗಳು ಹೀಗೇ ಶುರುವಾಗೋದು. ಚದರದ ಲೆಕ್ಕ ಅಂದ್ರೆ ನಮ್ಮ ಫಿಕ್ಸೆಡ್ ಬಿಡ್. ಪಾಯಿಂಟ್ ಕಮ್ಮಿ ಆದಷ್ಟೂ ಅವರಿಗೆ ಲಾಭ, ಹಾಗಾಗಿ ‘ಇಲ್ಲಿ ಪ್ಲಗ್ ಯಾಕೆ ಸುಮ್ನೆ’ ಅಂತಾರೆ. ಪಾಯಿಂಟ್ ಲೆಕ್ಕದವರಿಗೆ ಹೆಚ್ಚಾದಷ್ಟೂ ಲಾಭ. ಅವರು ‘ಇಲ್ಲೊಂದು ಇರಲಿ ಮೇಡಂ’ ಅಂತಾರೆ. ಇಬ್ಬರೂ ಮೋಸಗಾರರಲ್ಲ, ಲೆಕ್ಕ ಅವರನ್ನು ಹಾಗೆ ಮಾತಾಡಿಸುತ್ತೆ ಅಷ್ಟೆ. ನನಗೆ ಬೇಕಿದ್ದದ್ದು ಏನು ಸೇರಿಸಿದರೆ ಎಷ್ಟು ಏರುತ್ತೆ ಅನ್ನೋದು ಕಣ್ಣಿಗೆ ಕಾಣೋದು. ಪಾಯಿಂಟ್ ಲೆಕ್ಕವನ್ನೇ ಒಪ್ಪಿಕೊಂಡೆವು.

ಆಮೇಲೆ ಮನೆಯವರೆಲ್ಲ ಸೇರಿ ಏರಿಸಿದ್ದೇ ಏರಿಸಿದ್ದು. ಅಮ್ಮನಿಗೆ ಗ್ರೈಂಡರ್‌ಗೆ, ಮಿಕ್ಸಿಗೆ ಬೇರೆ ಬೇರೆ ಪ್ಲಗ್ಗು, ದೇವರ ಮನೆಗೆ ಎರಡು ಲೈಟು. ಅಪ್ಪನಿಗೆ ಹಾಸಿಗೆಯಿಂದ ಏಳದೇ ಲೈಟ್ ಆರಿಸೋ ಟೂ ವೇ. ನನಗೆ ವರ್ಕ್ ಫ್ರಂ ಹೋಮ್ ಟೇಬಲ್ ಹತ್ತಿರ ನಾಲ್ಕು. 94 ಹೋಗಿ 118 ಆಯಿತು. ಅದಕ್ಕೆ 8,400. ಡಿಬಿ, ಮೀಟರ್ ಬೋರ್ಡು, ಎರಡು ಅರ್ಥಿಂಗ್ ಗುಂಡಿಗೆ ಸೇರಿ 8,500. ಒಟ್ಟು 55,200. ಅಮ್ಮನ ಹತ್ತು ಸಾವಿರ ಎಲ್ಲಿಗೆ ಹೋಯಿತೋ! (ಅಜ್ಜಿ ಮನೆಗೆ ಮೊದಲು ಬಂದ ಕರೆಂಟು ಭಾಗ್ಯಜ್ಯೋತಿಯದು. ಇಡೀ ಮನೆಗೆ ಒಂದೇ ಬಲ್ಬು, ಒಂದೇ ಪಾಯಿಂಟ್. ಅಪ್ಪ ಓದಿದ್ದು ಅದರ ಕೆಳಗೇ.)

ಒಂದು ಸಣ್ಣ ಕಿರಿಕಿರಿ ಹೇಳಲೇಬೇಕು. ಪ್ರಶ್ನೆ ಕೇಳ್ತಿದ್ದದ್ದು ನಾನು, ಉತ್ತರ ಹೋಗ್ತಿದ್ದದ್ದು ಅಪ್ಪನಿಗೆ. ‘ಆರ್‌ಸಿಸಿಬಿ 30 ಮಿಲಿಆಂಪಿನದೇ ಬೇಕು’ ಅಂತ ನಾನಂದ್ರೆ, ‘ಯಜಮಾನ್ರೇ, ಅದು ಸುಮ್‌ಸುಮ್ನೆ ಬೀಳುತ್ತೆ’ ಅಂತ ಅವರು ಅಪ್ಪನ ಕಡೆ ತಿರುಗೋರು. ಎಲ್ಲೋ ಕರೆಂಟು ಸೋರುತ್ತಿದ್ದರೆ ಅದು ಬೀಳಬೇಕು, ಬೀಳೋದೇ ಅದರ ಕೆಲಸ. ಯಾರಿಗಾದರೂ ಶಾಕ್ ಹೊಡೆದರೆ ಉಳಿಸೋದು ಅದು, ಎಂಸಿಬಿ ಅಲ್ಲ. ಅಪ್ಪ ಎರಡು ಸಲ ಕೇಳಿಸಿಕೊಂಡು, ಮೂರನೇ ಸಲ ‘ದುಡ್ಡು ಕೊಡೋದು ಅವಳು ಕಣಪ್ಪ, ಅವಳನ್ನೇ ಕೇಳು’ ಅಂದ್ರು. ಅಲ್ಲಿಂದ ಮುಂದೆ ಫೋನು ನನಗೇ ಬರೋಕೆ ಶುರುವಾಯಿತು, ಮೀಟಿಂಗ್ ಮಧ್ಯದಲ್ಲೂ.

ಕೂಪನ್ ವಿಷಯ ಬೇರೆ. ವೈರ್ ಕಾಯಿಲ್ ಡಬ್ಬಿಗಳಲ್ಲಿ ಎಲೆಕ್ಟ್ರಿಷಿಯನ್‌ಗೆ ಅಂತಲೇ ಕೂಪನ್ನೋ ಸ್ಕ್ಯಾನ್ ಮಾಡೋ ಕೋಡೋ ಇರೋದುಂಟು. ಇದು ಗೊತ್ತಾದ ದಿನ ಅಪ್ಪ ‘ನೋಡಿದ್ಯಾ, ಕಮಿಷನ್ ಹೊಡೀತಾನೆ’ ಅಂತ ಕೂಗಾಡಿದ್ರು. ನಾನು ಅವರನ್ನೇ ನೇರ ಕೇಳಿದೆ. ಮುಚ್ಚುಮರೆ ಇಲ್ಲದೆ ‘ಹೌದು ಮೇಡಂ, ಬರುತ್ತೆ’ ಅಂದ್ರು. ಸರಿ, ಅಂಗಡಿಗೆ ನಾವೇ ಹೋಗಿ ಮೂರು ಕಡೆ ರೇಟ್ ಕೇಳಿ ಕೊಂಡೆವು. ವೈರು, ಸ್ವಿಚ್ಚುಗಳಿಗೆ ಡಬ್ಬಿ ಮೇಲಿನ ಬೆಲೆ ನೋಡಿ ಯಾರೂ ಕೊಡಬೇಡಿ, ಡಿಸ್ಕೌಂಟು ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತೆ. ಕೂಪನ್ನುಗಳನ್ನು ಅವರಿಗೇ ಕೊಟ್ಟೆವು. ನಮ್ಮ ಬೆಲೆ ಅದರಿಂದ ಏರಲಿಲ್ಲ ಅಂದಮೇಲೆ ನಮಗೇನು ಕಷ್ಟ?

ಅಪ್ಪ ಮಾತ್ರ 55,200 ಅನ್ನು 50,000ಕ್ಕೆ ಇಳಿಸಲೇಬೇಕು ಅಂತ ಹಟ ಹಿಡಿದಿದ್ರು. ಆ ರಾತ್ರಿ ಎಕ್ಸೆಲ್ ತೆಗೆದೆ. ಕೆಲಸ ಹರಡಿಕೊಳ್ಳೋದು ಏಳು ತಿಂಗಳು, ಕೈಯಲ್ಲಿ ಕೆಲಸ ಇರೋದು ಸುಮಾರು 26 ದಿನ ಅಂತ ಅವರೇ ಹೇಳಿದ್ರು. ಹೆಲ್ಪರ್‌ಗೆ ದಿನಕ್ಕೆ 800, ಅಂದ್ರೆ 20,800. ಉಳಿದದ್ದು 34,400. ದಿನಕ್ಕೆ 1,300 ಚಿಲ್ಲರೆ. ಅದರಲ್ಲೇ ಪೆಟ್ರೋಲು, ಕಟಿಂಗ್ ಮಷೀನಿನ ಬ್ಲೇಡು, ಮೇಸ್ತ್ರಿ ‘ಇವತ್ತು ಆಗಲ್ಲ’ ಅಂದ ದಿನದ ಖಾಲಿ ಓಡಾಟ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದ್ರು. ‘ನಿಮ್ಮ ಆಫೀಸಲ್ಲಿ ಚೌಕಾಸಿ ಮಾಡಲ್ವಾ?’ ಅಂದ್ರು. ‘ಮಾಡ್ತಾರೆ, ನಮ್ಮ ಸಂಬಳದ ಮೇಲೆ’ ಅಂದೆ. ಮರುದಿನ ರೇಟು ಇಳಿಸಲಿಲ್ಲ, ಆದರೂ ಗೇಟಿನ ಎರಡು ಲೈಟನ್ನು ಪುಕ್ಕಟೆ ಸೇರಿಸಿಕೊಂಡೇ ಬಂದ್ರು.

ಮೋಲ್ಡ್ ಹಾಕುವ ದಿನ ಆ ಲೆಕ್ಕ ನನಗೆ ಇನ್ನಷ್ಟು ಅರ್ಥವಾಯಿತು. ಹಿಂದಿನ ದಿನವೇ ಕಂಬಿಗಳ ನಡುವೆ ಪೈಪು, ಫ್ಯಾನ್ ಬಾಕ್ಸು ಕಟ್ಟಿ ಆಗಿತ್ತು. ಆದರೂ ಕಾಂಕ್ರೀಟ್ ಬೀಳುವಾಗ ಅವರು ಬೆಳಗಿನಿಂದ ಬಿಸಿಲಲ್ಲಿ ಮೇಲೇ ನಿಂತಿದ್ದರು. ಯಾರೋ ಕಾಲಿಟ್ಟು ಒಂದು ಪೈಪು ಕಳಚಿತು, ತಕ್ಷಣ ಬಗ್ಗಿ ಸೇರಿಸಿದರು. ಅದು ಹಾಗೇ ಮುಚ್ಚಿಹೋಗಿದ್ದರೆ ಹಾಲ್‌ನ ಫ್ಯಾನಿಗೆ ವೈರ್ ಹೋಗೋ ದಾರಿಯೇ ಇರ್ತಿರಲಿಲ್ಲ. ಕೊಟೇಶನ್‌ನಲ್ಲಿ ಈ ನಿಲ್ಲೋ ಕೆಲಸಕ್ಕೆ ಒಂದು ಸಾಲೂ ಇರಲಿಲ್ಲ.

ನೀವು ಮಾತಾಡುವಾಗ ಮರೆಯದೆ ಕೇಳಬೇಕಾದ್ದು ಇನ್ನೊಂದಿದೆ. ಪರ್ಮನೆಂಟ್ ಕನೆಕ್ಷನ್‌ಗೆ ಲೈಸೆನ್ಸ್ ಇರೋ ಕಂಟ್ರಾಕ್ಟರ್ ಸಹಿ ಮಾಡಿದ ವೈರಿಂಗ್ ರಿಪೋರ್ಟ್ ಬೇಕು. ನಿಮ್ಮ ಎಲೆಕ್ಟ್ರಿಷಿಯನ್‌ಗೇ ಆ ಲೈಸೆನ್ಸ್ ಇದೆಯಾ, ಇಲ್ಲದಿದ್ದರೆ ಯಾರು ಮಾಡಿಸ್ತಾರೆ, ಅದರ ಖರ್ಚು ಯಾರದು? ನಮ್ಮದು ಬೇರೆಯವರ ಸಹಿ, ಬೇರೆ ಫೀಸು. ಮೊದಲೇ ಬರೆದುಕೊಂಡಿದ್ದರಿಂದ ಜಗಳ ಆಗಲಿಲ್ಲ. ದುಡ್ಡನ್ನೂ ಕಂತಿನಲ್ಲಿ ಕೊಟ್ಟೆವು. ಮೋಲ್ಡ್ ಪೈಪು ಆದಮೇಲೆ ಒಂದು, ಗೋಡೆ ಕೊರೆದು ಬಾಕ್ಸ್ ಕೂರಿಸಿದ ಮೇಲೆ ಒಂದು, ವೈರ್ ಎಳೆದ ಮೇಲೆ ಒಂದು, ಕೊನೆಯ 5,520 ಮೀಟರ್ ಬಂದಮೇಲೆ.

ಮೀಟರ್ ಬಂದ ದಿನ ಎಲ್ಲ ಸ್ವಿಚ್ಚೂ ಹಾಕಿ ನೋಡಿದೆವು. ಅವರು ಡಿಬಿ ತೆಗೆದು ‘ಮೇಡಂ, ನೀವೇ ಒತ್ತಿ’ ಅಂದ್ರು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ. ಟಕ್ ಅಂತ ಇಡೀ ಮನೆ ಕತ್ತಲಾಯಿತು. ‘ಬಿತ್ತು ನೋಡಿ ಯಜಮಾನ್ರೇ’ ಅಂತ ಅಪ್ಪನ ಕಡೆ ನೋಡಿ ನಕ್ಕರು. ಮೊಬೈಲ್ ಬೆಳಕಲ್ಲೇ ಉಳಿದ ದುಡ್ಡು ಕಳಿಸಿದೆ.