ಲ್ಯಾಬ್ ದಿನಗಳು 6: ನಾಲ್ಕು ಪ್ರಶ್ನಾರ್ಥಕ ಚಿಹ್ನೆ

(1/3)

ಫೋಟೋದಲ್ಲಿರೋದು ನನ್ನ ಲ್ಯಾಪ್‌ಟಾಪ್. ಸೆಕೆಂಡ್ ಹ್ಯಾಂಡ್. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡು ಕೊಡಿಸಿದ್ದು. ಡೈರಿಗೆ ಹಾಲು ಹಾಕಿದ ದುಡ್ಡಲ್ಲಿ ಈಗಲೂ ಕಂತು ಕಟ್ತಿದ್ದಾಳೆ.

ಮನೆಗೆ ತಂದ ದಿನ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅಂಗಡಿಯವರ ಅಕೌಂಟ್ ತೆಗೆದು ಹೊಸ ಅಕೌಂಟ್ ಮಾಡಿದ್ದು. ಕನ್ನಡ ಕೀಬೋರ್ಡ್ ಹಾಕ್ಕೊಂಡು ಹೆಸರಿನ ಜಾಗದಲ್ಲಿ ‘ಅಮ್ಮ’ ಅಂತ ಟೈಪ್ ಮಾಡಿದೆ. ಆನ್ ಮಾಡಿದಾಗಲೆಲ್ಲ ಅದೇ ಕಾಣಲಿ ಅಂತ. ಈ ವಿಷಯ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೂರನೇ ಸೆಮಿಸ್ಟರ್‌ನಲ್ಲಿ ಲ್ಯಾಬ್‌ಗೆ ಒಂದು ಸಾಫ್ಟ್‌ವೇರ್ ಬೇಕಾಯ್ತು. ಸೋಮವಾರ ಪ್ರಾಜೆಕ್ಟ್ ತೋರಿಸಬೇಕು. ಶುಕ್ರವಾರ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಇನ್‌ಸ್ಟಾಲ್ ಮಾಡೋಕೆ ಶುರು ಮಾಡಿದೆ. ಹಸಿರು ಗೆರೆ ಅರ್ಧಕ್ಕೆ ಬಂತು, ನಿಂತೋಯ್ತು. ಒಂದು ಚಿಕ್ಕ ಡಬ್ಬಿ, ಅದರಲ್ಲಿ ಕೆಂಪು ಗುರುತು, ಕೆಳಗೆ ಓಕೆ. ಒತ್ತಿದೆ. ಮತ್ತೆ ಹಾಕಿದೆ. ಮತ್ತೆ ಅದೇ.

ರೀಸ್ಟಾರ್ಟ್ ಮಾಡಿದೆ. ಮತ್ತೆ ಡೌನ್‌ಲೋಡ್ ಮಾಡಿದೆ (ಆ ದಿನದ ಡೇಟಾ ಖಾಲಿ). ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟೆ. ಒಬ್ಬ ಸೀನಿಯರ್ ಆ್ಯಂಟಿವೈರಸ್ ಆಫ್ ಮಾಡು ಅಂದ. ಇನ್ನೊಬ್ಬ ಡಿಎಲ್‌ಎಲ್ ಫೈಲ್ ಮಿಸ್ಸಿಂಗ್ ಇರ್ಬೇಕು, ನೆಟ್ಟಲ್ಲಿ ಸಿಗುತ್ತೆ, ಎಳೆದು ಹಾಕು ಅಂದ. ಕೊನೆಗೆ ಎಲ್ಲರೂ ಹೇಳೋ ಮಾತು ಬಂತು: ‘ಫಾರ್ಮ್ಯಾಟ್ ಹೊಡಿ.’

ರಾತ್ರಿ ಒಂದು ಗಂಟೆ. ನನ್ನ ತಲೆಯಲ್ಲಿ ಓಡ್ತಿದ್ದಿದ್ದು ಪ್ರಾಜೆಕ್ಟ್ ಅಲ್ಲ. ‘ಅಮ್ಮಂಗೆ ಏನಂತ ಹೇಳ್ಲಿ? ಸಾಲ ತೀರೋ ಮೊದಲೇ ಕೆಟ್ಟೋಯ್ತು ಅಂತಲಾ?’

(2/3)

ಶನಿವಾರ ಬೆಳಿಗ್ಗೆ ರೂಮ್‌ಮೇಟ್ ಎದ್ದು ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದ್ಲು.

‘ಆ ಡಬ್ಬೀಲಿ ಏನ್ ಬರೆದಿದೆ ಅಂತ ಓದಿದ್ಯಾ?’

ಓದಿರಲಿಲ್ಲ ಕಣ್ರೀ! ರಾತ್ರಿಯಿಡೀ ಓಕೆ ಒತ್ತಿದ್ದೆ, ಒಂದು ಸಲಾನೂ ಪೂರ್ತಿ ಓದಿರಲಿಲ್ಲ. ಇಂಗ್ಲಿಷಲ್ಲಿ ಇದ್ದಿದ್ದು, ಕೆಂಪಗೆ ಇದ್ದಿದ್ದು, ನೋಡಿದ ತಕ್ಷಣ ಬೈತಿದೆ ಅನ್ನಿಸ್ತಿತ್ತು. ಕನ್ನಡ ಮೀಡಿಯಂನಿಂದ ಬಂದೋರಿಗೆ ಈ ಭಯ ಗೊತ್ತಿರುತ್ತೆ.

ಮತ್ತೆ ರನ್ ಮಾಡಿ ಇಬ್ಬರೂ ನಿಧಾನಕ್ಕೆ ಓದಿದ್ವಿ. ಎರರ್ 123. ಅರ್ಥ ಇಷ್ಟೇ: ಫೈಲ್ ಅಥವಾ ಫೋಲ್ಡರ್ ಹೆಸರು ಬರೆದಿರೋ ರೀತಿ ಸರಿಯಿಲ್ಲ. ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಎಲ್ಲೂ ಇರಲಿಲ್ಲ!

ಯಾವ ಹೆಸರು? ಅದಕ್ಕೆ ಲಾಗ್ ನೋಡ್ಬೇಕು ಅಂದ್ಲು. ತುಂಬಾ ಇನ್‌ಸ್ಟಾಲರ್‌ಗಳು ತಾವು ಏನೇನು ಮಾಡಿದ್ವಿ ಅಂತ ಒಂದು ಫೈಲಲ್ಲಿ ಬರೆದಿಡ್ತವೆ, ಹೆಚ್ಚಾಗಿ ಟೆಂಪ್ ಫೋಲ್ಡರ್‌ನಲ್ಲಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಹಿಂದೆ ಮುಂದೆ ಶೇಕಡಾ ಚಿಹ್ನೆ ಇಟ್ಟು ಟೆಂಪ್ ಅಂತ ಇಂಗ್ಲಿಷಲ್ಲಿ ಹೊಡೆದ್ರೆ ಆ ಫೋಲ್ಡರ್ ತೆರೆಯುತ್ತೆ. ದಿನಾಂಕದ ಪ್ರಕಾರ ಜೋಡಿಸಿದ್ರೆ ಹೊಸದು ಮೇಲೆ ಬರುತ್ತೆ. ನೋಟ್‌ಪ್ಯಾಡಲ್ಲಿ ತೆಗೆದು ಕೊನೆಯಿಂದ ಮೇಲಕ್ಕೆ ಓದಬೇಕು.

ಕೊನೆಯ ಸಾಲುಗಳಲ್ಲಿ ನನ್ನ ಫೋಲ್ಡರ್‌ನ ದಾರಿ ಇತ್ತು. ಸಿ ಡ್ರೈವ್, ಆಮೇಲೆ ಯೂಸರ್ಸ್, ಆಮೇಲೆ...

????

‘ಅಮ್ಮ’ ಇರಬೇಕಾದ ಜಾಗದಲ್ಲಿ ನಾಲ್ಕು ಪ್ರಶ್ನಾರ್ಥಕ ಚಿಹ್ನೆ.

(3/3)

ಯಾಕೆ ನಾಲ್ಕು? ನಮಗೆ ‘ಅಮ್ಮ’ ಎರಡೇ ಅಕ್ಷರ. ಕಂಪ್ಯೂಟರ್‌ಗೆ ನಾಲ್ಕು: ಅ, ಮ, ಒತ್ತಕ್ಷರ ಮಾಡೋ ಹಲಂತ, ಇನ್ನೊಂದು ಮ. ಪ್ರತಿಯೊಂದಕ್ಕೂ ಬೇರೆ ನಂಬರ್ ಇದೆ. ಆ ನಂಬರ್‌ಗಳ ಪಟ್ಟಿಯೇ ಯೂನಿಕೋಡ್. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಅಂದ್ರೆ ನಾನು ಹುಟ್ಟೋಕೂ ಎಷ್ಟೋ ವರ್ಷ ಮೊದಲು. ವಿಂಡೋಸ್‌ಗೆ ‘ಅಮ್ಮ’ ಚೆನ್ನಾಗೇ ಗೊತ್ತಿತ್ತು, ಅದಕ್ಕೇ ಫೋಲ್ಡರ್ ಮಾಡಿಕೊಟ್ಟಿತ್ತು. ಆದ್ರೆ ಈ ಇನ್‌ಸ್ಟಾಲರ್ ಇನ್ನೂ ಹಳೇ ಇಂಗ್ಲಿಷ್ ಅಕ್ಷರಪಟ್ಟಿ ಹಿಡ್ಕೊಂಡು ಕೂತಿತ್ತು. ಪಟ್ಟಿಯಲ್ಲಿ ಇಲ್ಲದ ಅಕ್ಷರ ಸಿಕ್ಕಿದ್ರೆ ಅದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೆ. ವಿಂಡೋಸ್‌ನಲ್ಲಿ ಫೈಲ್, ಫೋಲ್ಡರ್ ಹೆಸರಲ್ಲಿ ಆ ಚಿಹ್ನೆ ಇರೋ ಹಾಗೇ ಇಲ್ಲ. ಅಲ್ಲಿಗೆ ಕಥೆ ಮುಗೀತು.

ಸೆಟ್ಟಿಂಗ್ಸಲ್ಲಿ ಹೆಸರು ಬದಲಾಯಿಸಿದ್ರೆ ಸಾಕು ಅಂದ್ಕೊಂಡೆ. ಆಗಲ್ಲ. ಕಾಣೋ ಹೆಸರು ಬದಲಾಗುತ್ತೆ, ಒಳಗಿನ ಫೋಲ್ಡರ್ ಹೆಸರು ಹಾಗೇ ಇರುತ್ತೆ. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಅಕೌಂಟ್ ಮಾಡಿ, ಅಡ್ಮಿನ್ ಅಧಿಕಾರ ಕೊಟ್ಟು, ಅಲ್ಲಿಂದ ಇನ್‌ಸ್ಟಾಲ್ ಮಾಡಿದೆ. ಹಸಿರು ಗೆರೆ ಕೊನೆ ಮುಟ್ಟಿತು. ಫಾರ್ಮ್ಯಾಟ್ ಹೊಡೀಲಿಲ್ಲ, ಒಂದು ರೂಪಾಯಿ ಖರ್ಚಾಗಲಿಲ್ಲ.

ಸಂಜೆ ಅಮ್ಮಂಗೆ ಫೋನ್ ಮಾಡಿ ಎಲ್ಲಾ ಹೇಳ್ದೆ.

‘ನನ್ ಹೆಸ್ರು ಹಾಕಿದ್ಕೆ ಕೆಟ್ಟೋಯ್ತೇನೇ?’

‘ಇಲ್ಲಮ್ಮ, ಅದಕ್ಕೆ ಕನ್ನಡ ಓದೋಕೆ ಬರ್ಲಿಲ್ಲ.’

‘ಪಾಪ, ಅದೂ ನನ್ನಂಗೆ ಇಸ್ಕೂಲಿಗೆ ಹೋಗಿಲ್ಲ ಬಿಡು’ ಅಂತ ನಕ್ಕಳು. ಸಂಘಕ್ಕೆ ಸೇರಿದ ಮೇಲೇ ಸಹಿ ಹಾಕೋದು ಕಲ್ತವಳು ಅವಳು.

ಜೂನಿಯರ್‌ಗಳಿಗೆ ನಾನು ಹೇಳೋದು ಇಷ್ಟು. ಓಕೆ ಒತ್ತೋ ಮೊದಲು ಡಬ್ಬೀಲಿರೋದನ್ನ ಪೂರ್ತಿ ಓದಿ, ಫೋಟೋ ತೆಗೆದಿಟ್ಕೊಳ್ಳಿ. ನಂಬರ್ ಬರ್ಕೊಳ್ಳಿ. ಲಾಗ್ ನೋಡಿ. ಸಿಕ್ಕ ಸಿಕ್ಕ ಸೈಟ್‌ನಿಂದ ಡಿಎಲ್‌ಎಲ್ ಎಳೀಬೇಡಿ, ಅದರ ಜೊತೆ ವೈರಸ್ ಬರಬಹುದು. ನಿಜವಾಗ್ಲೂ ಅದೇ ತೊಂದರೆ ಆಗಿದ್ರೆ ಆ ಫೈಲ್ ಯಾವ ಸಾಫ್ಟ್‌ವೇರ್ ಜೊತೆ ಬರುತ್ತೋ ಅದನ್ನೇ ಅದರ ಅಧಿಕೃತ ಜಾಗದಿಂದ ಹಾಕಿ. ಫಾರ್ಮ್ಯಾಟ್ ಕೊನೆಗಿರಲಿ.

ಮುಂದೆ ಸಾಫ್ಟ್‌ವೇರ್ ಬರೆಯೋರು ನಾವೇ ಅಲ್ವಾ? ಆವಾಗ ಒಂದು ಸಲ ‘ಅಮ್ಮ’ ಅನ್ನೋ ಅಕೌಂಟಲ್ಲಿ ಹಾಕಿ ಪರೀಕ್ಷೆ ಮಾಡಿ.

ಕೊನೇ ಫೋಟೋ ನೋಡಿ. ಫೈಲ್‌ಗಳನ್ನೆಲ್ಲ ಕಾಪಿ ಮಾಡ್ಕೊಂಡು ಹಳೇ ಅಕೌಂಟ್ ತೆಗೆದೆ. ಹೊಸದರ ಫೋಲ್ಡರ್ ಇಂಗ್ಲಿಷಲ್ಲೇ ಇದೆ. ಕಾಣೋ ಹೆಸರು ಮಾತ್ರ ಬದಲಾಯಿಸಿದೀನಿ. ಆನ್ ಮಾಡಿದ್ರೆ ಈಗಲೂ ‘ಅಮ್ಮ’ ಅಂತಲೇ ಬರುತ್ತೆ.

ನಿಮ್ಮನ್ನ ರಾತ್ರಿಯಿಡೀ ಕೂರಿಸಿದ ಎರರ್ ಯಾವುದು? ಕಾಮೆಂಟಲ್ಲಿ ನಂಬರ್ ಸಮೇತ ಹಾಕಿ, ಒಟ್ಟಿಗೆ ಓದೋಣ.

#ಲ್ಯಾಬ್‌ದಿನಗಳು #ಕನ್ನಡಮೀಡಿಯಂ #ಎರರ್123