ಎರಡು ಸೆಲ್ಲಿನ ಜಿಪಿಎಸ್ಸೂ, ಅಪ್ಪನ ಹದಿನಾರಾಣೆ ಸರಪಳಿಯೂ

"ಟ್ರೆಕಿಂಗಿಗೆ ಯಾವ ಜಿಪಿಎಸ್ ತಗೊಳ್ಳಲಿ ಮಾರಾಯ?" ಅಂತ ಈ ವರ್ಷದಲ್ಲಿ ಮೂರು ಜನ ಕೇಳಿದರು. ಮೂವರಿಗೂ ಒಂದೊಂದು ಥರ ಉತ್ತರ ಕೊಟ್ಟೆ ಅನ್ನಿಸಿ, ಒಂದೇ ಸಲ ಇಲ್ಲಿ ಬರೆದುಬಿಡೋಣ ಅಂತ ಕೂತಿದ್ದೇನೆ. ಆದರೆ ಈ ಕಥೆ ಅಪ್ಪನನ್ನು ಬಿಟ್ಟು ಹೇಳೋಕೆ ಬರಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ಜಿಯೋಕ್ಯಾಶಿಂಗ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಕಾಡಲ್ಲೋ ಪಾರ್ಕಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಹೇಳುತ್ತಾರೆ. ಉಳಿದವರು ಹುಡುಕಿಕೊಂಡು ಹೋಗಿ ಒಳಗಿರೋ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನ ಇದ್ದ ಜಾಗದಲ್ಲೇ ಇಟ್ಟು ಬರುತ್ತಾರೆ. ಅಷ್ಟೇ. ದೊಡ್ಡವರ ಕಣ್ಣಾಮುಚ್ಚಾಲೆ :-) ಇದು ಹುಟ್ಟಿದ್ದು ನಾನಿರೋ ಪೋರ್ಟ್‌ಲ್ಯಾಂಡಿನ ಪಕ್ಕದಲ್ಲೇ. 2000ನೇ ಇಸವಿ ಮೇ ತಿಂಗಳ ಮೊದಲ ವಾರದವರೆಗೂ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲಿಗೆ ಬೇಕಂತಲೇ ತಪ್ಪು ಬೆರೆಸುತ್ತಿತ್ತು. ಹಾಗಾಗಿ ನೂರು ಮೀಟರ್‌ವರೆಗೂ ಆಚೀಚೆ ಆಗುತ್ತಿತ್ತು. ಕ್ಲಿಂಟನ್ ಆದೇಶದಿಂದ ಅದು ನಿಂತ ಮರುದಿನ, ಮೇ 3ಕ್ಕೆ, ಡೇವ್ ಅಲ್ಮರ್ ಅನ್ನುವವರು ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಹೂತಿಟ್ಟು ಅದರ ಅಂಕಿಗಳನ್ನ ಇಂಟರ್ನೆಟ್ಟಿಗೆ ಹಾಕಿದರು. ಒಳಗೆ ಏನೇನೋ ಇತ್ತಂತೆ, ಒಂದು ಬೀನ್ಸ್ ಡಬ್ಬಿ ಸಮೇತ. ಮೂರೇ ದಿನದಲ್ಲಿ ಇಬ್ಬರು ಹುಡುಕಿಬಿಟ್ಟರು. ಈಗ ಆ ಜಾಗದಲ್ಲಿ ಒಂದು ಫಲಕ ಇದೆ.

ನಾನು ಎರಡು ವರ್ಷ ಬರೀ ಫೋನಲ್ಲೇ ಆಡುತ್ತಿದ್ದೆ. ಪ್ರತ್ಯೇಕ ಜಿಪಿಎಸ್ ಯಂತ್ರ ಅನ್ನೋದು ಮುದುಕರ ಆಟಿಕೆ, ಫೋನಿನಲ್ಲೇ ಎಲ್ಲಾ ಇರೋವಾಗ ಯಾರಿಗೆ ಬೇಕು ಅನ್ನೋ ಜಾತಿ ನಂದು.

2023ರ ನವೆಂಬರಿನಲ್ಲಿ ಅಪ್ಪ ಅಮ್ಮ ಬಂದಿದ್ದರು. ಅಪ್ಪ ಸಾಗರ ಕಡೆ ಮೂವತ್ತು ಚಿಲ್ಲರೆ ವರ್ಷ ಸರ್ವೆಯರ್ ಆಗಿ ಸರಪಳಿ ಎಳೆಸಿ ರಿಟೈರ್ ಆದವರು. ಮನೆಯೊಳಗೆ ಕೂತು ಹೀಟರಿನ ಶಬ್ದ ಕೇಳಿ ಕೇಳಿ ಬೇಜಾರಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಫಾರೆಸ್ಟ್ ಪಾರ್ಕಿಗೆ ಕರಕೊಂಡು ಹೋದೆ. ಊರೊಳಗೇ ಇರೋ ಐದು ಸಾವಿರ ಎಕರೆಗೂ ಮೀರಿದ ಕಾಡು ಅದು. ಜರಿಗಿಡ, ಪಾಚಿ ಹಿಡಿದ ಮೇಪಲ್ ಮರ, ಜಿಟಿಜಿಟಿ ಮಳೆ. "ಥೇಟ್ ಆಗುಂಬೆ, ಇಂಬಳ ಒಂದಿಲ್ಲ ನೋಡು" ಅಂತ ಅಪ್ಪ ಖುಷಿಯಾದರು.

ವೈಲ್ಡ್‌ವುಡ್ ಟ್ರೇಲಿನಲ್ಲಿ ಒಂದು ಮೈಲಿ ಮೇಲೆ ನಡೆದ ಮೇಲೆ ಫೋನಿನ ಬಾಣ ಬಲಕ್ಕೆ ತಿರುಗಿತು. 220 ಅಡಿ ಅಂತ ತೋರಿಸ್ತಿದೆ. ಬಲಕ್ಕೆ ಕಡಿದಾದ ಇಳಿಜಾರು. ಟ್ರೇಲ್ ಬಿಟ್ಟು ಇಳಿಯಬಾರದು ಅನ್ನೋದು ನನಗೆ ಗೊತ್ತಿತ್ತು. ಆದರೂ "220 ಅಡಿ ತಾನೇ, ಬನ್ನಿ ಅಪ್ಪ" ಅಂದೆ. (ಆ ಡಬ್ಬಿ ಇದ್ದದ್ದು ಅದೇ ಟ್ರೇಲ್ ಸುತ್ತಿಕೊಂಡು ಕೆಳಗೆ ಬರೋ ಜಾಗದಲ್ಲಿ, ದಾರಿಯಿಂದ ಹತ್ತು ಹೆಜ್ಜೆ ದೂರ. ಇದು ಆಮೇಲೆ ನಕ್ಷೆ ನೋಡಿದಾಗ ಗೊತ್ತಾಯಿತು. ಇನ್ನು ಕಾಲು ಗಂಟೆ ಸುಮ್ಮನೆ ನಡೆದಿದ್ದರೆ ಕೈಗೇ ಸಿಗುತ್ತಿತ್ತು.)

ಅರ್ಧ ಇಳಿಯೋ ಹೊತ್ತಿಗೆ ಅಪ್ಪ ಜಾರಿದರು. ಏಳೆಂಟು ಅಡಿ ಜಾರಿ ಒಂದು ಬಿದ್ದ ಮರಕ್ಕೆ ಒತ್ತಿಕೊಂಡು ನಿಂತರು. ಎಡಗೈ ಮಣಿಕಟ್ಟು ಊದಿಕೊಳ್ತು. ನಾನು ಹೆದರಿ ಫೋನ್ ತೆಗೆದೆ. ಸ್ಕ್ರೀನ್ ಮೇಲೆ ಮಳೆಹನಿ ಬಿದ್ದು, ನಾನು ಒತ್ತಿದ್ದೊಂದು ಅದು ತೆರೆದದ್ದೊಂದು. ಅಂಗಿಗೆ ಒರೆಸಿದರೆ ಅಂಗಿಯೂ ಒದ್ದೆ. ನಾಲ್ಕೈದು ಡಿಗ್ರಿ ಚಳಿ. 38 ಪರ್ಸೆಂಟ್ ಅಂತ ತೋರಿಸುತ್ತಿದ್ದ ಬ್ಯಾಟರಿ ಏಕಾಏಕಿ ಸತ್ತುಹೋಯಿತು. ದಿಕ್ಕು, ನಕ್ಷೆ, ಟಾರ್ಚು, ಸಹಾಯಕ್ಕೆ ಮಾಡೋ ಕರೆ, ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಎಲ್ಲ ಒಟ್ಟಿಗೇ ಹೋಯಿತು. ಅಪ್ಪನ ಫೋನು ಮನೆಯಲ್ಲಿ, ಅಮ್ಮನ ಹತ್ತಿರ.

ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಹೇಗೋ ಕೈಕಾಲು ಊರಿಕೊಂಡು ಮೇಲೆ ಬಂದು ಟ್ರೇಲ್ ಹಿಡಿದಾಗ ಮಬ್ಬು ಕವಿದಿತ್ತು. ಇಳಿದ ಜಾಗಕ್ಕೇ ಹತ್ತಿದೆವಾ, ಸುತ್ತಿನ ಇನ್ನೊಂದು ಕಡೆ ಬಂದೆವಾ, ಗೊತ್ತಿಲ್ಲ. ನಾನು ಎಡಕ್ಕೆ ಅಂದೆ. ತುಂಬಾ ಧೈರ್ಯದ ದನಿಯಲ್ಲೇ ಅಂದೆ. ಅಪ್ಪ ಸುಮ್ಮನೆ ಮುಂದೆ ಹೋಗಿ ಒಂದು ಮರ ಮುಟ್ಟಿ ನೋಡಿ, ಇನ್ನೊಂದು ಮರ ನೋಡಿದರು. ಆ ಟ್ರೇಲಿನಲ್ಲಿ ಕಾಲು ಮೈಲಿಗೊಂದು ನೀಲಿ ವಜ್ರಾಕಾರದ ಗುರುತು ಮರಕ್ಕೆ ಹಾಕಿ ಮೈಲಿ ಸಂಖ್ಯೆ ಬರೆದಿರುತ್ತಾರೆ. ನಾನು ಹತ್ತು ಸಲ ಹೋಗಿದ್ದರೂ ಒಂದನ್ನೂ ಓದಿದವನಲ್ಲ.

"ಕಾರಿಂದ ಹತ್ತಿದಾಗ ಹದಿನಾರೂಕಾಲು ಇತ್ತು. ನೀ ಇಳಿಯೋಣ ಅಂದಾಗ ಹದಿನೇಳೂವರೆ ದಾಟಿತ್ತು. ಸಂಖ್ಯೆ ಕಮ್ಮಿ ಆಗೋ ಕಡೆ ನಡಿ" ಅಂದರು. ಅದು ಬಲಗಡೆ ಆಗಿತ್ತು.

ಕಾರು ಸಿಕ್ಕಾಗ ಪೂರ್ತಿ ಕತ್ತಲು. ಮೂಳೆ ಮುರಿದಿರಲಿಲ್ಲ, ಉಳುಕು ಅಷ್ಟೇ. ಅಮ್ಮ ನನ್ನ ಹತ್ತಿರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಬಯ್ಯಲಿಲ್ಲ, ಅದೇ ಜಾಸ್ತಿ ಚುಚ್ಚುತ್ತಿತ್ತು.

ಸರಿ, ಈಗ ಯಂತ್ರದ ವಿಷಯ. ಆಫೀಸಿನ ಒಬ್ಬ ಹಿರಿಯರು ತಮ್ಮ ಹಳೇ ಗಾರ್ಮಿನ್ ಜಿಪಿಎಸ್‌ಮ್ಯಾಪ್ 60ಸಿಎಸ್‌ಎಕ್ಸ್ ಕೊಟ್ಟು, "ಒಂದು ತಿಂಗಳು ಇಟ್ಟುಕೊ, ಆಮೇಲೆ ಕೊಳ್ಳು" ಅಂದರು. 2006ರ ಮಾಡೆಲ್, ಇಟ್ಟಿಗೆಯಷ್ಟು ದಪ್ಪ. ಆದರೆ ಕೈಗವಸು ಹಾಕಿಕೊಂಡು, ಮಳೆಯಲ್ಲಿ, ನೋಡದೇ ಬಟನ್ ಒತ್ತಬಹುದು. ಎರಡು ಪೆನ್ ಸೆಲ್ ಹಾಕಿದರೆ ಓಡುತ್ತೆ, ಸತ್ತರೆ ಇನ್ನೆರಡು. ಬಿಸಿಲಲ್ಲಿ ಬೆಳಕೇ ಹಾಕದೆ ಸ್ಕ್ರೀನ್ ಕಾಣುತ್ತೆ. ಟಚ್‌ಸ್ಕ್ರೀನ್ ಇರೋ ಯಂತ್ರಗಳನ್ನ ನಾನು ಪಟ್ಟಿಯಿಂದ ತೆಗೆದದ್ದು ಅವತ್ತೇ.

ಅಂಗಡಿಯವರು ಮೊದಲು ಹೇಳೋದು ನಿಖರತೆ. ನನ್ನ ಅನುಭವದಲ್ಲಿ ಅದು ಕೊನೆಗೆ ನೋಡಬೇಕಾದ್ದು. ಬಯಲಲ್ಲಿ ಒಳ್ಳೇ ಫೋನೂ ಯಂತ್ರವೂ ಹೆಚ್ಚು ಕಮ್ಮಿ ಒಂದೇ. ಒದ್ದೆ ಎಲೆಗಳ ಕೆಳಗೆ, ಕಣಿವೆಯೊಳಗೆ ಸಿಗ್ನಲ್ ಸೊರಗುತ್ತೆ, ಗುಡ್ಡಕ್ಕೆ ಬಡಿದು ಸುತ್ತಿಕೊಂಡು ತಡವಾಗಿ ಬರುತ್ತೆ. ದೂರವನ್ನ ಸಮಯದಿಂದ ಲೆಕ್ಕ ಹಾಕೋ ಯಂತ್ರಕ್ಕೆ ತಡ ಅಂದರೆ ದೂರ. ಎರಡು ಫ್ರೀಕ್ವೆನ್ಸಿ ಹಿಡಿಯೋ ಹೊಸ ಮಾಡೆಲ್ಲುಗಳು ಇದನ್ನ ಸುಧಾರಿಸುತ್ತವೆ, ನಿಜ. ಆದರೆ ಡಬ್ಬಿ ಇಟ್ಟವನ ಯಂತ್ರವೂ ಅಂದು ತಪ್ಪಿರುತ್ತೆ ಅಲ್ವಾ! ಅವನ ತಪ್ಪಿಗೆ ನನ್ನ ತಪ್ಪು ಸೇರಿ, ಕೊನೆಗೆ ಕಣ್ಣಲ್ಲೇ ಹುಡುಕಬೇಕು.

ನಿಜವಾಗಿ ನೋಡಬೇಕಾದ್ದು ದಿಕ್ಸೂಚಿ. ಅಗ್ಗದ ಮಾಡೆಲ್ಲುಗಳಲ್ಲಿ ಬಾಣ ಸರಿಯಾಗಿ ತೋರಿಸಬೇಕಾದರೆ ನೀವು ನಡೀತಾ ಇರಬೇಕು, ಯಾಕಂದರೆ ಅವು ದಿಕ್ಕನ್ನ ನಿಮ್ಮ ಚಲನೆಯಿಂದ ಊಹಿಸುತ್ತವೆ. ಡಬ್ಬಿಯ ಹತ್ತಿರ ಬಂದು ನಿಂತಿರೋ, ಬಾಣ ಹುಚ್ಚುಕುದುರೆ. ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್‌ಗೂ 32ಎಕ್ಸ್‌ಗೂ ಇರೋ ಮುಖ್ಯ ವ್ಯತ್ಯಾಸ ಇದೇ. ಎರಡನೆಯದರಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ, ಜೊತೆಗೆ ಎತ್ತರ ಅಳೆಯೋಕೆ ವಾಯುಭಾರಮಾಪಕ ಇದೆ. 2019ರಲ್ಲಿ ಬಂದಾಗ ಒಂದಕ್ಕೆ 200, ಇನ್ನೊಂದಕ್ಕೆ 300 ಡಾಲರ್. ನಾನು 32ಎಕ್ಸ್ ಕೊಂಡೆ. ಸೆಲ್ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನ ಸರಿಪಡಿಸಬೇಕು. ಕೈಯಲ್ಲಿ ಹಿಡಿದು ಮೂರು ದಿಕ್ಕಿಗೆ ತಿರುಗಿಸಬೇಕು. ನೋಡುವವರಿಗೆ ನೀವು ಮರಕ್ಕೆ ಮಂಗಳಾರತಿ ಎತ್ತುತ್ತಿರೋ ಹಾಗೆ ಕಾಣುತ್ತೆ.

ನಾನು ಮೊದಲು ಆಸೆಪಟ್ಟಿದ್ದು ಜಿಪಿಎಸ್‌ಮ್ಯಾಪ್ 66ಐಗೆ. ಅದರಲ್ಲಿ ಇನ್‌ರೀಚ್ ಇದೆ, ಫೋನ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಸಹಾಯ ಕೇಳಬಹುದು. ಅವತ್ತಿನ ಸಂಜೆ ನೆನೆಸಿಕೊಂಡರೆ ಅದೇ ಬೇಕು ಅನ್ನಿಸೋದು ಸಹಜ. ಆದರೆ ಇಲ್ಲಿ ಒಂದು ವಿಷಯ ದಯವಿಟ್ಟು ಗಮನಿಸಿ. ಉಪಗ್ರಹ ಸಂದೇಶ ಕಳಿಸೋ ಯಂತ್ರವನ್ನ ಪರವಾನಗಿ ಇಲ್ಲದೆ ಭಾರತಕ್ಕೆ ತರುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ಪೊಲೀಸ್ ಠಾಣೆ ಹತ್ತಿದ ವಿದೇಶಿ ಚಾರಣಿಗರಿದ್ದಾರೆ. ಊರಿಗೆ ಹೋಗುವಾಗ ಬ್ಯಾಗಿನ ಮೂಲೆಯಲ್ಲಿ ಮರೆತು ಉಳಿದರೂ ಕಷ್ಟ. ಬರೀ ಸಿಗ್ನಲ್ ಕೇಳಿಸಿಕೊಳ್ಳೋ ಇಟ್ರೆಕ್ಸಿನಂಥದ್ದು ಬೇರೆ ಮಾತು. ಹಾಗಾಗಿ 66ಐ ಕೈಬಿಟ್ಟೆ. ಬೇರೆಯಾಗಿ ಒಂದು ತಲೆಗೆ ಕಟ್ಟೋ ಟಾರ್ಚು, ಒಂದು ಸೀಟಿ ಕೊಂಡೆ.

ಇನ್ನೊಂದು ಎಡವಟ್ಟು ಹೇಳಿಬಿಡುತ್ತೇನೆ. ಜಿಯೋಕ್ಯಾಶಿಂಗಿನಲ್ಲಿ ಅಂಕಿಗಳು ಡಿಗ್ರಿ ಮತ್ತು ದಶಮಾಂಶ ಮಿನಿಟಿನಲ್ಲಿರುತ್ತವೆ. ಆ ಮೊದಲ ಬಕೆಟ್ಟಿನ ಅಕ್ಷಾಂಶ ಉತ್ತರ 45° 17.460'. ಇದನ್ನ 45.17460 ಡಿಗ್ರಿ ಅಂತ ಒತ್ತಿದರೆ ಸುಮಾರು 13 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಂತಿರುತ್ತೀರಿ. ಸಾಫ್ಟ್‌ವೇರ್ ಇಂಜಿನಿಯರ್ ಆಗಿ ನಾನು ಇದನ್ನ ಮಾಡಿದ್ದೇನೆ, ಅದೂ ಒಮ್ಮೆ ಅಲ್ಲ.

ಮುಂದಿನ ವರ್ಷ ಊರಿಗೆ ಹೋದಾಗ 32ಎಕ್ಸ್ ಒಯ್ದೆ, ಓಪನ್ ಸ್ಟ್ರೀಟ್ ಮ್ಯಾಪಿನಿಂದ ಮಾಡಿದ ನಕ್ಷೆ ತುಂಬಿಸಿಕೊಂಡು. ಅಪ್ಪ ಕನ್ನಡಕ ಹಾಕಿ ತಿರುಗಿಸಿ ಮುರುಗಿಸಿ ನೋಡಿದರು.

"ಕೊನೇ ಅಂಕಿ ಒಂದು ಬದಲಾದ್ರೆ ಎಷ್ಟು ದೂರ?"

"ಉತ್ತರ ದಕ್ಷಿಣಕ್ಕೆ 1.85 ಮೀಟರ್. ಆರು ಅಡಿ."

ಅವರ ಸರಪಳಿ 33 ಅಡಿ, ಅದಕ್ಕೆ ಹದಿನಾರು ಆಣೆ. ಆಣೆಗೆ ಎರಡಡಿ ಚಿಲ್ಲರೆ. "ಅಂದ್ರೆ ಮೂರಾಣೆ" ಅಂದರು ಒಂದು ಕ್ಷಣವೂ ತಡೆಯದೆ. ಆಮೇಲೆ ತೋಟದ ಮೂಲೆಯ ಬಾಂದುಕಲ್ಲಿನ ಮೇಲೆ ಅದನ್ನ ಇಡಿಸಿದರು. ಅಡಿಕೆ ಮರದ ಕೆಳಗೆ ಸ್ಕ್ರೀನಿನಲ್ಲಿ ಹತ್ತು ಮೀಟರ್ ತಪ್ಪಿರಬಹುದು ಅಂತ ಬಂತು. ಹತ್ತು ಮೀಟರ್ ಅಂದರೆ ಸರಿಯಾಗಿ ಅವರ ಒಂದು ಸರಪಳಿ!

"ಒಂದು ಸರಪಳಿ ತಪ್ಪಿದ್ರೆ ನಮ್ಮೂರಲ್ಲಿ ಮೂರು ತಲೆಮಾರು ಕೋರ್ಟಿಗೆ ಅಲೀತಾರೆ ಕಣೋ" ಅಂತ ನಕ್ಕರು. ಎಡ ಮಣಿಕಟ್ಟನ್ನ ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಮಳೆಗಾಲದಲ್ಲಿ ಈಗಲೂ ಸಣ್ಣಗೆ ನೋಯುತ್ತೆ ಅಂತ ಅಮ್ಮ ಹೇಳಿ ಗೊತ್ತಾಯಿತು.

ಮರುದಿನ ಅದನ್ನ ಹಿಡಿದು ಇಬ್ಬರೂ ಹಿಂದಿನ ಗುಡ್ಡಕ್ಕೆ ಹೋದೆವು. ನಡೆದ ದಾರಿಯೆಲ್ಲ ಸ್ಕ್ರೀನಿನಲ್ಲಿ ಗೆರೆಯಾಗಿ ಮೂಡೋದು, ವಾಪಸು ಅದೇ ಗೆರೆ ಹಿಡಿದು ಬರಬಹುದು ಅನ್ನೋದು ಅವರಿಗೆ ನಿಜಕ್ಕೂ ಹಿಡಿಸಿತು. "ಇದು ಕೆಲಸದ್ದು" ಅಂದರು. ಬಾಣ ಮಾತ್ರ ಬೇಡ ಅಂದರು. ನಾನೂ ಈಗ ಮೊದಲು ಕಾಂಟೂರ್ ಗೆರೆ ಎಷ್ಟು ಒತ್ತೊತ್ತಾಗಿದೆ ನೋಡಿ, ಆಮೇಲೆ ಬಾಣ ನೋಡುತ್ತೇನೆ.

ವಾಪಸು ಬರುವಾಗ ಅದನ್ನ ಅಲ್ಲೇ ಬಿಟ್ಟು ಬಂದೆ, ನನಗೆ ಇಲ್ಲಿ ಸೆಕೆಂಡ್‌ಹ್ಯಾಂಡ್ ಇನ್ನೊಂದು ಸಿಕ್ಕಿತು. ಕಳೆದ ವಾರ ಫೋನ್ ಮಾಡಿದಾಗ, "ಜಿಪಿಎಸ್ ಹೇಗಿದೆ ಅಪ್ಪ, ಗುಡ್ಡಕ್ಕೆ ಒಯ್ತೀರಾ?" ಅಂದೆ.

"ಇದೆ ಇದೆ. ಮೂರು ದಿನ ಕರೆಂಟ್ ಇರ್ಲಿಲ್ಲ, ಅದರ ಸೆಲ್ ತೆಗೆದು ಟಾರ್ಚಿಗೆ ಹಾಕಿದೀನಿ. ಪೇಟೆಗೆ ಹೋದಾಗ ತರ್ತೀನಿ" ಅಂದರು.